ಅಕ್ಕನಿಗೊಂದು ಪ್ರಶ್ನೆ: ಪಾಲಿಮರ್ ಓದಲೋ, ಡೆವಲಪ್‌ಮೆಂಟ್ ಓದಲೋ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ. ಪರೀಕ್ಷೆ ಮುಗಿಯುವ ಹೊತ್ತು ಅಲ್ವಾ, ಮುಂದೇನು ಅಂತ. ಜಗಲಿಯಲ್ಲಿ ಕೂತು ಎಲ್ಲವನ್ನೂ ಓದಿದೆ. ಒಂದು ಕಾಗದ ಗಾಳಿಗೆ ಹಾರಿ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಬಿತ್ತು. ಅದಕ್ಕೇ ಮೊದಲ ಉತ್ತರ.

ಪ್ರಶ್ನೆ: ಮಗಳು ಪಾಲಿಮರ್ ಓದುತ್ತೇನೆ ಅಂತ ಹಠ ಹಿಡಿದಿದ್ದಾಳೆ. ಪಾಲಿಮರ್ ಅಂದರೆ ತಮಿಳು ಟಿವಿ ಚಾನೆಲ್ ಅಂತ ನಾನು ತಿಳಿದಿದ್ದೆ. ನಗಬೇಡಿ ಅಕ್ಕಾ. ಅದರಲ್ಲಿ ಓದುವುದಕ್ಕೆ ಏನಿದೆ?
– ಒಬ್ಬ ತಾಯಿ, ಪೆರ್ಲ

ನಕ್ಕೆ, ಕ್ಷಮಿಸಿ. ಆ ಹೆಸರಿನ ಚಾನೆಲ್ ಇರುವುದು ನಿಜವೇ.

ನಿಮ್ಮ ಮನೆಯಲ್ಲಿ ಸೇಮಿಗೆ ಮಾಡುತ್ತೀರಲ್ಲ. ಬೇಯಿಸಿದ ಹಿಟ್ಟಿನ ಉಂಡೆಯನ್ನು ಬಿಸಿ ಇರುವಾಗಲೇ ಮುಟ್ಟಿಗೆ, ಅಂದರೆ ಒತ್ತುವ ಒರಳಿಗೆ, ಹಾಕಿ ಒತ್ತಬೇಕು. ಆರಿದರೆ ರಟ್ಟೆ ಬಿದ್ದುಹೋಗುತ್ತದೆ. ತೋಟದ ಪಿವಿಸಿ ಪೈಪ್ ಮಾಡುವುದೂ ಹೀಗೆಯೇ. ಬಿಸಿಗೆ ಮೆತ್ತಗಾದ ಮಾಲನ್ನು ಸ್ಕ್ರೂ ಮುಂದಕ್ಕೆ ದೂಡುತ್ತದೆ, ಎದುರಿನ ಅಚ್ಚಿನಿಂದ ಪೈಪ್ ಹೊರಗೆ ಬರುತ್ತದೆ. ಇನ್ನು ತಟ್ಟೆಗೆ ಬಿದ್ದ ಸೇಮಿಗೆಯ ಒಂದು ಎಳೆ ಹಿಡಿದು ಎಳೆಯಿರಿ. ಹತ್ತು ಎಳೆ ಒಟ್ಟಿಗೆ ಬರುತ್ತದೆ. ಉದ್ದ ಇದೆ, ಒಂದಕ್ಕೊಂದು ಸುತ್ತಿಕೊಂಡಿದೆ, ಅದಕ್ಕೆ. ಪಾಲಿಮರ್ ಅಂದರೆ ಇಷ್ಟೇ: ಸಣ್ಣ ಸಣ್ಣ ಅಣುಗಳು ಸಾವಿರಗಟ್ಟಲೆ ಕೈ ಹಿಡಿದು ನಿಂತ ಉದ್ದ ಸರಪಳಿ. ಸಕ್ಕರೆ ಹರಳು ನೀರಿಗೆ ಬಿದ್ದ ಕೂಡಲೇ ಕರಗುತ್ತದೆ. ಚಪ್ಪಲಿ ಕರಗುವುದಿಲ್ಲ, ಬಗ್ಗುತ್ತದೆ. ಹಾಗೆ ಬಗ್ಗುವ ಗುಣ ಬರುವುದು ಆ ಉದ್ದದಿಂದ.

ಇದನ್ನು ಮೊದಲು ಹೇಳಿದ್ದು ಹರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ವಿಜ್ಞಾನಿ, 1920ರಲ್ಲಿ. ಅಷ್ಟು ಉದ್ದದ ಅಣು ಇರಲಿಕ್ಕೇ ಇಲ್ಲ ಅಂತ ದೊಡ್ಡ ದೊಡ್ಡವರು ವಾದ ಮಾಡಿದರು. ಸ್ಟೌಡಿಂಗರ್ ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ.

ಪಾಲಿಮರ್ ಅಂದರೆ ಪ್ಲಾಸ್ಟಿಕ್ ಮಾತ್ರ ಅಲ್ಲ. ಸೇಮಿಗೆಯ ಪಿಷ್ಟ, ನಿಮ್ಮ ಹತ್ತಿ ಸೀರೆ, ತಲೆಕೂದಲು, ಅಡಿಕೆ ಹಾಳೆ, ರಬ್ಬರ್, ಎಲ್ಲವೂ ಅದೇ ಜಾತಿ. ಮಗಳನ್ನು ಕಳಿಸಿ.

ಪ್ರಶ್ನೆ: ಅಕ್ಕಾ, ನಾನು ಬಿಎಸ್ಸಿ ಕೆಮಿಸ್ಟ್ರಿ ಕೊನೇ ವರ್ಷ. ಹತ್ತರವರೆಗೆ ಕನ್ನಡ ಮಾಧ್ಯಮ. ಅಪ್ಪ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಾರೆ. ಪಾಲಿಮರ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡಬೇಕು ಅಂತ ಇತ್ತು. ಎನ್ನೆಸ್ಸೆಸ್ ಕ್ಯಾಂಪಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಪೀಡಿತರ ಮನೆಗಳಿಗೆ ಹೋಗಿ ಬಂದ ಮೇಲೆ ಮನಸ್ಸು ಬೇರೆಯಾಗಿದೆ. ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಶನಲ್ ಡೆವಲಪ್‌ಮೆಂಟ್ ಎಂಬ ಎಂಎ ಇದೆಯಂತೆ. ಒಂದೇ ವರ್ಷ. ಒಬ್ಬ ಏಜೆಂಟ್ ಸೀಟು ಗ್ಯಾರಂಟಿ, 25 ಲಕ್ಷ ಸಾಲ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಎರಡರಲ್ಲಿ ಯಾವುದು? ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ.
– ಹೆಸರು ಹಾಕಬೇಡಿ, ಬದಿಯಡ್ಕ

ತಂಗೀ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಉತ್ತರ ಉದ್ದ ಆಗುತ್ತದೆ, ಸಂಪಾದಕರು ಬೈದರೆ ಬೈಯಲಿ.

ನಾಳೆ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗು. ಹೋಗಿಯೇ ಇರುತ್ತಿ, ಆದರೆ ಈ ಸಲ ಕೆಮಿಸ್ಟ್ರಿ ಕಣ್ಣಿನಲ್ಲಿ ನೋಡು. ಗೆರಟೆಗೆ ಬಿದ್ದ ಹಾಲಿನಲ್ಲಿ ರಬ್ಬರ್ ಇರುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಉಳಿದದ್ದು ಹೆಚ್ಚಾಗಿ ನೀರು. ಕಣ್ಣಿಗೆ ಕಾಣದ ರಬ್ಬರ್ ಗುಂಡುಗಳು ಆ ನೀರಿನಲ್ಲಿ ತೇಲುತ್ತಾ ಇರುತ್ತವೆ. ಪ್ರತಿ ಗುಂಡಿನ ಮೈಮೇಲೂ ಪ್ರೋಟೀನಿನ ಪದರ, ಅದಕ್ಕೆ ಋಣ ವಿದ್ಯುತ್ತು. ಹಾಗಾಗಿ ಒಂದನ್ನೊಂದು ದೂಡುತ್ತಾ ಬೇರೆ ಬೇರೆಯಾಗಿಯೇ ಇರುತ್ತವೆ. ಅಪ್ಪ ಡಿಶ್‌ಗೆ ಹಾಲು ಸೋಸಿ, ನೀರು ಬೆರೆಸಿ, ಫಾರ್ಮಿಕ್ ಆಸಿಡ್ ಹಾಕಿ ಕದಡುತ್ತಾರೆ. ನೊರೆಯನ್ನು ಬದಿಗೆ ತೆಗೆಯುತ್ತಾರೆ. ಆಸಿಡ್ ಬಿದ್ದ ಕೂಡಲೇ ಆ ದೂಡಾಟ ನಿಲ್ಲುತ್ತದೆ, ಗುಂಡುಗಳು ಒಂದಕ್ಕೊಂದು ಅಂಟುತ್ತವೆ. ಸ್ವಲ್ಪ ಹೊತ್ತಿನಲ್ಲಿ ಬೆರಳಿಟ್ಟರೆ ಗಟ್ಟಿ ಮೊಸರಿನ ಹಾಗೆ ನಡುಗುತ್ತದೆ. ಆಮೇಲೆ ಮೆಷಿನ್, ಆಮೇಲೆ ಹೊಗೆಗೂಡು. ನಿನ್ನ ಅಪ್ಪ ದಿನವೂ ಕೊಲಾಯ್ಡ್ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡುತ್ತಿದ್ದಾರೆ. ಮಾರ್ಕು ಕೊಡುವವರು ಇಲ್ಲ, ಅಷ್ಟೇ.

ನಾನೂ ಆ ವಾಸನೆಯಲ್ಲಿಯೇ ಬೆಳೆದವಳು. ಕಾಸರಗೋಡಿನಲ್ಲಿ ಬಿಎಸ್ಸಿ ಮುಗಿಸಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ಕೊಚ್ಚಿಗೆ ಹೋದೆ, ರಬ್ಬರ್ ಓದಲಿಕ್ಕೆ. ಅಲ್ಲಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ಮತ್ತು ರಬ್ಬರ್ ವಿಭಾಗ 1971ರಿಂದ ಇದೆ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಕಾರ್ಖಾನೆಗಳ ಲ್ಯಾಬು.

ಓದಿನಲ್ಲಿ ಏನು ಬರುತ್ತದೆ ಅಂತ ಹೇಳುತ್ತೇನೆ. ಸರಪಳಿ ಕಟ್ಟುವುದು ಹೇಗೆ ಅನ್ನುವುದು ಒಂದು, ಅದು ನಿನ್ನ ಕೆಮಿಸ್ಟ್ರಿ. ಸರಪಳಿ ಹೇಗೆ ಹರಿಯುತ್ತದೆ, ಎಳೆದರೆ ಏನಾಗುತ್ತದೆ ಅನ್ನುವುದು ಇನ್ನೊಂದು, ಅಲ್ಲಿ ಗಣಿತ, ಭೌತಶಾಸ್ತ್ರ ಜಾಸ್ತಿ. ಮೂರನೆಯದು ಯಂತ್ರ, ಅಚ್ಚು, ಟೆಸ್ಟಿಂಗ್. ಮೂರನೆಯದನ್ನು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದೇ ಇಲ್ಲ.

ನನಗೆ ಹೇಗೆ ಹೋಯಿತು ಅಂದರೆ, ಕೆಲಸಕ್ಕೆ ಸೇರಿದ ಎರಡನೇ ತಿಂಗಳು. ಎರಡು ರೋಲರ್ ಇರುವ ಮಿಲ್ಲಿನಲ್ಲಿ ರಬ್ಬರ್ ಅರೆಯುತ್ತಿದ್ದೆವು. ನೂರು ಭಾಗ ರಬ್ಬರಿಗೆ ಎರಡೂವರೆ ಭಾಗ ಗಂಧಕ, ಜೊತೆಗೆ ಸತುವಿನ ಆಕ್ಸೈಡ್, ಸ್ಟಿಯರಿಕ್ ಆಸಿಡ್, ಕಪ್ಪು ಮಸಿ, ಬೇಯುವುದನ್ನು ಚುರುಕು ಮಾಡುವ ಆಕ್ಸಿಲರೇಟರ್. ಗಂಧಕ ಮತ್ತು ಆಕ್ಸಿಲರೇಟರ್ ಎರಡನ್ನೂ ಒಟ್ಟಿಗೆ ಬಿಸಿ ಮಾಲಿಗೆ ಹಾಕಬಾರದು ಅಂತ ಬಾಯಿಪಾಠ ಬರುತ್ತಿತ್ತು. ಆ ದಿನ ರೋಲರಿಗೆ ತಣ್ಣೀರು ಬಿಡುವ ವಾಲ್ವ್ ತೆರೆಯಲು ಮರೆತೆ. ಹಾಕಿಯೇ ಬಿಟ್ಟೆ. ಐದು ನಿಮಿಷ ಆಗಲಿಲ್ಲ, ಕನ್ನಡಿಯ ಹಾಗೆ ಇದ್ದ ರಬ್ಬರ್ ಪದರದ ಮೇಲೆ ರವೆ ಉದುರಿಸಿದ ಹಾಗೆ ಕಾಳು ಕಾಳು ಎದ್ದಿತು. ಸ್ಕಾರ್ಚ್. ಅಂದರೆ ಅಚ್ಚಿಗೆ ಹೋಗುವ ಮೊದಲೇ ಬೆಂದುಹೋಯಿತು. ನಲವತ್ತು ಕಿಲೋ ಮಾಲು. ಬೆಂದ ರಬ್ಬರನ್ನು ಮತ್ತೆ ಹಿಟ್ಟು ಮಾಡಲಾಗುವುದಿಲ್ಲ. ಸೇಮಿಗೆ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿದ ಹಾಗೆ ಗಂಧಕ ಸರಪಳಿಗಳನ್ನು ಕಟ್ಟಿಹಾಕಿರುತ್ತದೆ. ಆ ಗಂಟಿನ ಗುಟ್ಟು ಚಾರ್ಲ್ಸ್ ಗುಡ್‌ಇಯರ್‌ಗೆ ಸಿಕ್ಕಿದ್ದು 1839ರಲ್ಲಿ. ಟಯರ್ ಟಯರ್ ಆಗಿ ಉಳಿದಿರುವುದೇ ಅದರಿಂದ. ಗಂಧಕ ಮೂವತ್ತು ಭಾಗ ದಾಟಿಸಿದರೆ ಎಬೊನೈಟ್ ಆಗುತ್ತದೆ, ಹಳೇ ಕಾಲದ ಇಂಕ್ ಪೆನ್ನಿನ ಹಾಗೆ ಗಟ್ಟಿ. ಫೋರ್‌ಮನ್ ಬೈಯಲಿಲ್ಲ. ‘ಕರಿಞ್ಞು ಪೋಯಲ್ಲೋ ಮೋಳೇ’ ಅಂದರು, ಸುಟ್ಟುಹೋಯಿತಲ್ಲ ಮಗಳೇ ಅಂತ. ಬೈದಿದ್ದರೆ ವಾಸಿಯಿತ್ತು.

ಈಗ ನಿನ್ನ ಇನ್ನೊಂದು ದಾರಿ. ಇಂಟರ್‌ನ್ಯಾಶನಲ್ ಡೆವಲಪ್‌ಮೆಂಟ್ ಅಂದರೆ ಪರದೇಶ ಸುತ್ತುವ ಕೋರ್ಸ್ ಅಲ್ಲ, ಸಮಾಜಸೇವೆಯ ಕೋರ್ಸೂ ಅಲ್ಲ. ಒಂದು ದೇಶ ಬಡದೇಶ ಆಗಿ ಯಾಕೆ ಉಳಿಯಿತು, ಸಾಲ–ನೆರವು–ವ್ಯಾಪಾರದಲ್ಲಿ ಯಾರ ಕೈ ಮೇಲೆ, ಒಂದು ಯೋಜನೆಯಿಂದ ನಿಜವಾಗಿ ಜನರಿಗೆ ಏನಾದರೂ ಆಯಿತೇ ಅಂತ ಅಳೆಯುವುದು ಹೇಗೆ, ಇವೆಲ್ಲ. ಅರ್ಥಶಾಸ್ತ್ರ, ರಾಜಕೀಯ, ಅಂಕಿಅಂಶ, ಜೊತೆಗೆ ಊರಿಗೆ ಹೋಗಿ ಜನರ ಮಾತು ಕೇಳುವ ಕೆಲಸ. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಇದಕ್ಕಾಗಿಯೇ 1966ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಈ ಓದು ತಿರುವನಂತಪುರದಲ್ಲೂ ಇದೆ. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ಲಾರಿ ಬೇಕರ್ ಅವರದ್ದು, ಇಟ್ಟಿಗೆಯ ಜಾಲಂಧ್ರದ ಗೋಡೆಗಳು. ಸಂಪಾದನೆ ಕಡಿಮೆ ಇದ್ದರೂ ಕೇರಳದ ಜನ ಓದಿನಲ್ಲಿ, ಆರೋಗ್ಯದಲ್ಲಿ ಮುಂದೆ ಇರುವುದು ಹೇಗೆ ಅಂತ 1975ರಲ್ಲಿ ವಿಶ್ವಸಂಸ್ಥೆಗಾಗಿ ವರದಿ ಮಾಡಿದವರು ಅಲ್ಲಿಯವರೇ. ‘ಕೇರಳ ಮಾದರಿ’ ಎಂಬ ಮಾತಿಗೆ ಬುಡ ಅದು.

ನಿನಗೆ ಇವೆರಡು ಬೇರೆ ಬೇರೆ ದಾರಿ ಅನಿಸಿದೆ. ನನಗೆ ಹಾಗೆ ಕಾಣುವುದಿಲ್ಲ.

ಅಪ್ಪ ಗೀರುವ ಮರವನ್ನೇ ನೋಡು. ಅದು ನಮ್ಮ ಊರಿನದ್ದಲ್ಲ, ಬ್ರೆಜಿಲಿನದ್ದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಸುಮಾರು 70,000 ಬೀಜ ಹಡಗಿಗೆ ಹೇರಿ ಲಂಡನ್ನಿನ ಕ್ಯೂ ತೋಟಕ್ಕೆ ಸಾಗಿಸಿದ. ಅಲ್ಲಿ ಮೊಳೆತ ಸಸಿಗಳು ಸಿಲೋನು, ಮಲಯಾ ಕಡೆಗೆ ಹೋದವು. ಕೇರಳದ ತಟ್ಟೇಕ್ಕಾಡಿನಲ್ಲಿ 1902ರಲ್ಲಿ ಮೊದಲ ವ್ಯಾಪಾರಿ ತೋಟ ಎದ್ದಿತು. ಇವತ್ತು ಬದಿಯಡ್ಕದ ಅಂಗಡಿಯಲ್ಲಿ ರಬ್ಬರ್ ಶೀಟಿನ ರೇಟು ಇಳಿದರೆ ಅದರ ಕಾರಣ ಬ್ಯಾಂಕಾಕಿನ ರಬ್ಬರ್ ಮಾರುಕಟ್ಟೆಯಲ್ಲೂ ಇರಬಹುದು. ಇದನ್ನು ಯಾವ ಕ್ಲಾಸಿನಲ್ಲಿ ಓದುತ್ತಿ, ಪಾಲಿಮರಿನಲ್ಲೋ ಡೆವಲಪ್‌ಮೆಂಟಿನಲ್ಲೋ?

ಇನ್ನೊಂದು ಕತೆ ಹೇಳುತ್ತೇನೆ. ಪ್ಲಾಸ್ಟಿಕ್ ಕೆಲಸ ಕಲಿಸುವ ಸಿಪೆಟ್ ಗೊತ್ತಲ್ಲ? 1968ರಲ್ಲಿ ಚೆನ್ನೈಯಲ್ಲಿ, ಆಗಿನ ಮದ್ರಾಸಿನಲ್ಲಿ, ಶುರುವಾಯಿತು. ನಮ್ಮ ಸರಕಾರದ ಜೊತೆ ಕೈ ಸೇರಿಸಿದ್ದು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಯುಎನ್‌ಡಿಪಿ. ಪ್ಲಾಸ್ಟಿಕ್ ಎಂಜಿನಿಯರಿಂಗ್ ಕಲಿಸುವ ಸಂಸ್ಥೆಗಳು ದೇಶದಲ್ಲಿ ಕಡಿಮೆ ಇದ್ದ ಕಾಲ. ನೀನು ಕೇಳುವ ‘ಇಂಟರ್‌ನ್ಯಾಶನಲ್ ಡೆವಲಪ್‌ಮೆಂಟ್’ ಆಗ ಬಂದದ್ದು ಕಾರ್ಖಾನೆಯ ಬಟ್ಟೆ ಹಾಕಿಕೊಂಡು, ಅಚ್ಚು ಮಾಡುವುದು ಹೇಗೆ ಅಂತ ಹೇಳಿಕೊಡಲಿಕ್ಕೆ.

ನಿನ್ನ ಮನಸ್ಸು ತಿರುಗಿಸಿದ ಎಂಡೋಸಲ್ಫಾನ್ ಕೂಡ ಹೀಗೆಯೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸುರಿದದ್ದು ಬಂದು ಬಿದ್ದದ್ದು ನಮ್ಮ ಮೇಲೆ. ಜಗತ್ತಿನ ಪಟ್ಟಿಯಲ್ಲಿ ಅದಕ್ಕೆ ನಿಷೇಧ ಬಿದ್ದದ್ದು 2011ರ ಏಪ್ರಿಲಿನಲ್ಲಿ, ಜಿನೀವಾದಲ್ಲಿ, ಸ್ಟಾಕ್‌ಹೋಮ್ ಒಪ್ಪಂದದ ಸಭೆಯಲ್ಲಿ. ಮರು ತಿಂಗಳೇ ನಮ್ಮ ಸುಪ್ರೀಂ ಕೋರ್ಟ್ ಕೂಡ ತಡೆ ಹಾಕಿತು. ಆ ಸಭೆಯ ಮೇಜಿನ ಸುತ್ತ ಕೂತವರಲ್ಲಿ ಕಣ್ಣೀರಿನ ಭಾಷೆ ಗೊತ್ತಿದ್ದವರು ಇದ್ದರು, ರಸಾಯನದ ಭಾಷೆ ಗೊತ್ತಿದ್ದವರೂ ಇದ್ದರು. ಎರಡನ್ನೂ ಬಲ್ಲವರು ಎಲ್ಲ ಕಡೆಯೂ ಕಡಿಮೆ.

ಹಾಗಾಗಿ ನನ್ನ ಮಾತು: ಮೊದಲು ಪಾಲಿಮರ್. ಡೆವಲಪ್‌ಮೆಂಟ್ ಬೇಡ ಅಂತ ಅಲ್ಲ, ಆಮೇಲೆ. ಕೈಯಲ್ಲಿ ಒಂದು ಕಸುಬು ಇಟ್ಟುಕೊಂಡು ಆ ಕ್ಲಾಸಿಗೆ ಹೋದರೆ ನಿನ್ನ ಹತ್ತಿರ ಹೇಳಲಿಕ್ಕೆ ಏನಾದರೂ ಇರುತ್ತದೆ. ಇಪ್ಪತ್ತೊಂದರಲ್ಲಿ ಸೀದಾ ಹೋದರೆ ಬೇರೆಯವರು ಹೇಳಿದ್ದನ್ನು ಬರೆದುಕೊಂಡು ಬರುತ್ತಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಸೋದರ ಸೊಸೆಯೇ ಒಪ್ಪುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಾ. 25 ಲಕ್ಷ ಸಾಲ ಮಾಡಿ ಹೋಗುವ ಕಾಲ ಇದಲ್ಲ. ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2025ರ ಜುಲೈಗೆ ಬಾಗಿಲು ಹಾಕಿತು. ಬ್ರಿಟನ್ ಸರಕಾರ ನೆರವಿನ ಹಣವನ್ನು ರಾಷ್ಟ್ರದ ಆದಾಯದ ಶೇ. 0.5ರಿಂದ 2027ಕ್ಕೆ ಶೇ. 0.3ಕ್ಕೆ ಇಳಿಸುತ್ತೇನೆ ಅಂತ ಹೇಳಿಯಾಗಿದೆ. ಈ ಕ್ಷೇತ್ರದಲ್ಲಿ ಹದಿನೈದು ವರ್ಷ ದುಡಿದವರೇ ಕೆಲಸ ಕಳೆದುಕೊಂಡು ಅರ್ಜಿ ಹಿಡಿದು ನಿಂತಿದ್ದಾರೆ. ಅವರ ಸಾಲಿನ ಹಿಂದೆ ನೀನು ನಿಲ್ಲಬೇಕಾಗುತ್ತದೆ. ಏಜೆಂಟ್ ಇದನ್ನು ಹೇಳಿದನೇ? ಹೇಳಿರುವುದಿಲ್ಲ. ‘ಸೀಟು ಗ್ಯಾರಂಟಿ’ ಅನ್ನುವುದು ದೊಡ್ಡ ಸಂಗತಿಯೂ ಅಲ್ಲ. ಫೀಸು ಕಟ್ಟುವವರಿಗೆ ಸೀಟು ಕೊಡುವ ಕಾಲೇಜು ಎಲ್ಲ ದೇಶದಲ್ಲೂ ಇದೆ.

ಬ್ರಿಟನ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಅಂತ ಒಂದಿದೆ. ಫೀಸು, ಊಟ–ವಸತಿ, ವಿಮಾನದ ಟಿಕೆಟ್ ಎಲ್ಲ ಅವರದ್ದೇ. ಆದರೆ ಅರ್ಜಿ ಹಾಕಲು ಎರಡು ವರ್ಷ ಕೆಲಸ ಮಾಡಿದ ಅನುಭವ ಬೇಕು, ಓದು ಮುಗಿಸಿ ಸ್ವಂತ ದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ನೋಡು, ಅವರೂ ನನ್ನ ಹಾಗೆಯೇ ಮೊದಲು ಕೆಲಸ ಮಾಡಿ ಬಾ ಅನ್ನುತ್ತಾರೆ. ಅಷ್ಟು ದೂರ ಬೇಡ ಅಂದರೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂಎ ಇದೆ, ಎರಡು ವರ್ಷ. ಮನೆಯ ಪರಿಸ್ಥಿತಿ ನೋಡಿ ಫೀಸಿನಲ್ಲಿ ಸಹಾಯ ಕೊಡುತ್ತಾರೆ.

ಪಾಲಿಮರಿಗೆ ಎಲ್ಲಿ? ಕೆಮಿಸ್ಟ್ರಿ ಡಿಗ್ರಿ ಆದವರಿಗೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಪ್ರಾಸೆಸಿಂಗ್ ಮತ್ತು ಟೆಸ್ಟಿಂಗ್ ಅಂತ ಎರಡು ವರ್ಷದ ಪಿಜಿ ಡಿಪ್ಲೊಮಾ ಇದೆ. ಬೇಗ ಕೆಲಸ ಬೇಕು ಅಂದರೆ ಅದು. ಸಂಶೋಧನೆಯ ಆಸೆ ಇದ್ದರೆ ಎಂಎಸ್ಸಿ. ಕೋಟ್ಟಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯ ಪಾಲಿಮರ್ ಸಂಶೋಧನೆಗೆ ಹೆಸರಾದದ್ದು, ರಬ್ಬರ್ ಸಂಶೋಧನಾ ಸಂಸ್ಥೆಯೂ ಅದೇ ಊರಿನಲ್ಲಿದೆ. ಐಐಟಿಗಳ ಎಂಎಸ್ಸಿಗೆ ಜ್ಯಾಮ್ ಪರೀಕ್ಷೆ ಬರೆಯಬೇಕು. ಹೆದರಬೇಡ, ಬರೆ.

ಇಂಗ್ಲಿಷ್: ನಾನು ಮೊದಲ ವರ್ಷ ‘ವಿಸ್ಕಾಸಿಟಿ’ ಅನ್ನಲು ಬಾರದೆ ಸುಮ್ನೆ ಕೂತವಳು. ಅರ್ಥ ಗೊತ್ತಿತ್ತು. ಬೆಲ್ಲದ ಪಾಕ ಎಷ್ಟು ಹೊತ್ತಿಗೆ ಎಳೆ ಬರುತ್ತದೆ ಅಂತ ನೋಡುತ್ತಾ ಬೆಳೆದವರಿಗೆ ಆ ಅರ್ಥ ಹೊಸದಲ್ಲ. ಶಬ್ದ ಆರು ತಿಂಗಳಲ್ಲಿ ಬರುತ್ತದೆ. ದಿನಕ್ಕೆ ಒಂದು ಪುಟ ನಿನ್ನದೇ ಪ್ರಾಕ್ಟಿಕಲ್ ಬಗ್ಗೆ ಇಂಗ್ಲಿಷಿನಲ್ಲಿ ಬರೆ. ತಪ್ಪಿರಲಿ.

ಪ್ರಶ್ನೆ: ಮಗ ಹತ್ತನೇ ಕ್ಲಾಸು. ಓದಿನಲ್ಲಿ ಸಾಧಾರಣ, ಕೈ ಕೆಲಸದಲ್ಲಿ ಚುರುಕು. ಮನೆಯ ಮಿಕ್ಸಿ ಬಿಚ್ಚಿ ಕಟ್ಟುತ್ತಾನೆ. ಸಿಪೆಟ್ ಬಗ್ಗೆ ಯಾರೋ ಹೇಳಿದರು. ಅದಕ್ಕೆ ‘ಕ್ಯಾಟ್’ ಬರೆಯಬೇಕಂತೆ. ಅದು ಎಂಬಿಎಯವರ ಪರೀಕ್ಷೆ ಅಲ್ವಾ?
– ಮುಳ್ಳೇರಿಯದ ಓದುಗರು

ಕ್ಯಾಟ್ ಅಂದರೆ ಮೂರು ಬೆಕ್ಕು, ಅಣ್ಣಾ. ಐಐಎಂನವರದ್ದು ಒಂದು, ಕುಸಾಟ್‌ನದ್ದು ಒಂದು, ಸಿಪೆಟ್‌ನದ್ದು ಇನ್ನೊಂದು. ಮೂರಕ್ಕೂ ಸಂಬಂಧ ಇಲ್ಲ. ಹತ್ತು ಮುಗಿಸಿದವರಿಗೆ ಸಿಪೆಟ್‌ನಲ್ಲಿ ಮೂರು ವರ್ಷದ ಎರಡು ಡಿಪ್ಲೊಮಾ ಇದೆ: ಒಂದು ಪ್ಲಾಸ್ಟಿಕ್ ಟೆಕ್ನಾಲಜಿ, ಇನ್ನೊಂದು ಅಚ್ಚು ಮಾಡುವುದು. ಮಿಕ್ಸಿ ಬಿಚ್ಚಿ *ಕಟ್ಟುವ* ಹುಡುಗನಾದರೆ ಅಚ್ಚಿನ ಕಡೆ ಹಾಕಿ. ಒಳ್ಳೆಯ ಅಚ್ಚು ಮಾಡುವವನಿಗೆ ಕೆಲಸ ಇಲ್ಲದ್ದನ್ನು ನನ್ನ ಸರ್ವಿಸಿನಲ್ಲಿ ನೋಡಲಿಲ್ಲ. ನಮಗೆ ಹತ್ತಿರದ್ದು ಮೈಸೂರು ಮತ್ತು ಕೊಚ್ಚಿ.

ಪ್ರಶ್ನೆ: ಪ್ಲಸ್ ಟು ಬರೆದಿದ್ದೇನೆ. ಮೈಸೂರಿನಲ್ಲಿ ಪಾಲಿಮರ್ ಎಂಜಿನಿಯರಿಂಗ್ ಓದಲು ಕರ್ನಾಟಕದ ಸಿಇಟಿ ಬರೆಯಬಹುದಾ? ನಾವು ಕೇರಳದವರು ಅಂತ ಬಿಟ್ಟುಬಿಡುತ್ತಾರಾ?
– ವಿದ್ಯಾರ್ಥಿ, ಮಂಜೇಶ್ವರ

ಬರೆಯಬಹುದು. ಗಡಿನಾಡ ಕನ್ನಡಿಗರು ಅಂತ ಒಂದು ವಿಭಾಗ ಇದೆ. ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕು. ನಮ್ಮ ಮಕ್ಕಳು ತಪ್ಪುವುದು ಅಲ್ಲಿಯೇ. ಪರೀಕ್ಷೆ ಕಷ್ಟ ಅಂತ ಅಲ್ಲ, ಅರ್ಜಿಯಲ್ಲಿ ಆ ಕಾಲಂ ತುಂಬಿಸದೆ ಬಿಡುತ್ತಾರೆ, ಅಥವಾ ಸರ್ಟಿಫಿಕೇಟಿಗೆ ಕೊನೇ ದಿನ ಓಡುತ್ತಾರೆ. ಇವತ್ತೇ ಶಾಲೆಗೆ ಹೋಗಿ ಓದಿದ ವರ್ಷಗಳ ದಾಖಲೆ ಮಾಡಿಸಿಕೋ. ಮೈಸೂರಿನ ಎಸ್‌ಜೆಸಿಇ ಎಂಜಿನಿಯರಿಂಗ್ ಕಾಲೇಜಿನ ಪಾಲಿಮರ್ ವಿಭಾಗ ಹಳೆಯದು. ಈ ವರ್ಷ ಅಲ್ಲಿ ಯಾವ ಸೀಟು ಎಷ್ಟು ಅಂತ ಪಟ್ಟಿಯಲ್ಲಿ ನೋಡಿ ಆಮೇಲೆ ಆಯ್ಕೆ ತುಂಬಿಸು. ಕೇರಳದ ಕೀಮ್ ಪರೀಕ್ಷೆಯನ್ನೂ ಬಿಡಬೇಡ. ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುವುದು ಗಡಿಯಲ್ಲಿ ಇಲ್ಲದವರ ಗಾದೆ.

ಪ್ರಶ್ನೆ: ಮನೆಯಲ್ಲಿ ಹಾಳೆ ತಟ್ಟೆ ಮಾಡುವ ಮೆಷಿನ್ ಹಾಕಿದ್ದೇವೆ. ಅಮೆರಿಕಕ್ಕೆ ಹೋಗುವ ಆರ್ಡರ್ ನಿಂತಿದೆ, ವಿಷ ಇದೆ ಅಂದರಂತೆ. ನೂರಾರು ವರ್ಷದಿಂದ ಹಾಳೆಯಲ್ಲಿ ಉಂಡವರು ನಾವು, ಸತ್ತೆವಾ? ಎರಡು ತಟ್ಟೆ ಪಾರ್ಸೆಲ್ ಮಾಡಿದ್ದೇನೆ. ಒಂದಕ್ಕೆ ಬೂಸ್ಟು ಬರುತ್ತದೆ, ಅದಕ್ಕೂ ಕಾರಣ ಹೇಳಿ.
– ಕೃಷಿಕ, ನೀರ್ಚಾಲು

ನಿಮ್ಮ ಸಿಟ್ಟು ಅರ್ಥ ಆಗುತ್ತದೆ ಮಾವಾ. ನಡೆದದ್ದು ಇದು: 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ಅಡಿಕೆ ಹಾಳೆಯ ತಟ್ಟೆ–ಬಟ್ಟಲು ಆಹಾರಕ್ಕೆ ಬಳಸಲು ಒಪ್ಪಿಗೆ ಪಡೆದ ವಸ್ತು ಅಲ್ಲ ಅಂದರು. ಅಡಿಕೆಯಲ್ಲಿ ಇರುವ ಅರಿಕೋಲಿನ್‌ನಂಥ ಅಂಶಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಅನ್ನುವುದು ಅವರ ಮಾತು. ‘ನಾವು ಉಂಡಿದ್ದೇವೆ’ ಅನ್ನುವುದು ಅವರಿಗೆ ಉತ್ತರ ಆಗುವುದಿಲ್ಲ. ಬಿಸಿ ಸಾರು, ಹುಳಿ, ಎಣ್ಣೆ ಹಾಕಿ ಇಷ್ಟು ಹೊತ್ತು ಇಟ್ಟರೆ ಎಷ್ಟು ಇಳಿಯಿತು ಅಂತ ಅಳೆದು ಕಾಗದದಲ್ಲಿ ತೋರಿಸಬೇಕು. ಅಳೆಯುವುದು ಲ್ಯಾಬಿನ ಕೆಲಸ. ತೋರಿಸಿ ವಾದ ಮಾಡುವುದು ನಿಯಮ, ವ್ಯಾಪಾರ ಬಲ್ಲವರ ಕೆಲಸ. ಮೇಲೆ ಬದಿಯಡ್ಕದ ಹುಡುಗಿಗೆ ಬರೆದದ್ದನ್ನು ಓದಿದಿರಲ್ಲ, ನಾನು ಯಾಕೆ ಅಷ್ಟು ಉದ್ದ ಬರೆದೆ ಅಂತ ಈಗ ಗೊತ್ತಾಗಿರಬೇಕು.

ಬೂಸ್ಟಿನ ವಿಷಯ. ತಟ್ಟೆ ನೋಡಿದೆ. ಬೂಸ್ಟು ಇರುವುದು ಅಂಚಿನಲ್ಲಿ ಅಲ್ಲ, ನಡುವೆ, ಹಾಳೆ ದಪ್ಪ ಇರುವ ಜಾಗದಲ್ಲಿ. ತೊಳೆದು ಒತ್ತುವಾಗ ಒಳಗೆ ಪಸೆ ಉಳಿದಿದೆ. ಅಚ್ಚಿನ ಬಿಸಿ ಹೊರಮೈ ಒಣಗಿಸುತ್ತದೆ, ಒಳಗಿನದ್ದು ಹಾಗೆಯೇ ಇರುತ್ತದೆ. ಅದನ್ನು ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಕವರಿಗೆ ತುಂಬಿಸಿದ್ದೀರಿ, ಕವರಿನ ಒಳಗೆ ಬೆವರಿದ ಗುರುತು ಇತ್ತು. ದಪ್ಪ ಹಾಳೆಯನ್ನು ಬೇರೆ ಮಾಡಿ ಅಚ್ಚಿನಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಹೊರಗೆ ತೆಗೆದು ಒಂದು ದಿನ ಬಿಸಿಲಿಗೆ ಹರಡಿ, ಆಮೇಲೆ ಕಟ್ಟಿ.

ಇನ್ನೊಂದು ತಟ್ಟೆ ಚೆನ್ನಾಗಿತ್ತು. ಅದರಲ್ಲಿ ಸೇಮಿಗೆ, ಕಾಯಿಹಾಲು ಹಾಕಿಕೊಂಡು ತಿಂದೆ.